ವರ್ಜೀನಿಯದ ಮತಸ್ವಾತಂತ್ರ್ಯ ಶಾಸನ

ಮನುಷ್ಯನು ಯಾವ ದೇವರನ್ನು ಯಾವ ವಿಧಿಯಿಂದ ಪೂಜಿಸಬೇಕು, ಅಥವಾ ಪೂಜಿಸಲೇಬೇಕೆ, ಎಂಬುದನ್ನು ನಿರ್ಣಯಿಸುವ ಅಧಿಕಾರ ರಾಜ್ಯಕ್ಕೆ ಉಂಟೆ? ಇಲ್ಲವೆಂದು ಇಂದಿನ ವಿದ್ಯಾವಂತರಲ್ಲಿ ಬಹುಮಂದಿ ಥಟ್ಟನೆ ಉತ್ತರ ಹೇಳಿಬಿಡುತ್ತಾರೆ. ಉತ್ತರವು ಇಷ್ಟು ಸುಲಭವಾಗಿ ನಾಲಗೆಗೆ ಬರುವುದಕ್ಕೆ ಕಾರಣವೇನೆಂದರೆ, ಅದನ್ನು ಸಂಪಾದಿಸುವುದಕ್ಕೆ ಪಡಬೇಕಾದ ಕಷ್ಟವನ್ನು ಬೇರೆಯವರು ನಮಗಿಂತ ಮುಂಚೆಯೇ ಪಟ್ಟಿದ್ದಾರೆ. ಆ ಕಷ್ಟದ ಕಥೆಯಲ್ಲಿ ಒಂದು ಅಧ್ಯಾಯವನ್ನು ಮಾತ್ರ ಈ ಹೊತ್ತು ಕೇಳುಗರ ಮುಂದಿಡಬೇಕೆಂದು ನಮ್ಮ ಅಪೇಕ್ಷೆ. ವಿಷಯವನ್ನು ತತ್ತ್ವದ ಮಟ್ಟದಲ್ಲಿಯೇ ಚರ್ಚಿಸತೊಡಗಿದರೆ ಆಕಾಶವಾಣಿಯವರು ಕೊಟ್ಟಿರುವ ಕಾಲ ಸಾಲದು. ಒಂದು ದೇಶದಲ್ಲಿ ಒಂದು ಕಾಲದಲ್ಲಿ ನಡೆದುದನ್ನು ಹೇಳಿದರೆ ತತ್ತ್ವವು ತಾನಾಗಿ ಅದರೊಳಗಿಂದ ಕಾಣಿಸಿಕೊಳ್ಳಬಹುದು.

ಉತ್ತರ ಅಮೆರಿಕಾ ಖಂಡದ ಪೂರ್ವ ತೀರದಲ್ಲಿ ವರ್ಜೀನಿಯ ಎಂಬ ಸೀಮೆ ಇದೆ. ಆಂಗ್ಲೇಯರು 1607ರಲ್ಲಿ ಅಲ್ಲಿಯ ಜೇಮ್ಸ್‌ಟೌನಿನಲ್ಲಿ ನೆಲೆಯೂರಿದರು. ಬರುವಾಗ ತಮ್ಮ ರಾಜನನ್ನೂ ತಮ್ಮ ಕಾನೂನನ್ನೂ ತಂದಂತೆಯೇ ತಮ್ಮ ಇಗರ್ಜಿಯನ್ನೂ ತಂದರು. ಇಂಗ್ಲೆಂಡಿನ ಧರ್ಮಸಂಸ್ಥೆಯೇ ವರ್ಜೀನಿಯಕ್ಕೂ ಸರಕಾರದ ಧರ್ಮಸಂಸ್ಥೆಯಾಯಿತು. ಅದರ ಪಾದ್ರಿಗಳಿಗೆ ಸಂಬಳ ಕೊಡುವುದಕ್ಕಾಗಿ ಪ್ರಜೆಗಳೆಲ್ಲರಿಂದಲೂ ತೆರಿಗೆ ಎತ್ತುತ್ತಿದ್ದರು. ಆ ಪಾದ್ರಿಯ ಉಪದೇಶ ಬೇಕೆಂದವರಿಂದಲೂ ಎತ್ತುತ್ತಿದ್ದರು, ಬೇಡವೆಂದವರಿಂದಲೂ ಎತ್ತುತ್ತಿದ್ದರು. ನಾಣ್ಯ ವಿರಳವಾಗಿದ್ದ ನಾಡಾದುದರಿಂದ ತೆರಿಗೆಯೂ ಸಂಬಳವೂ ಹೊಗೆಸೊಪ್ಪಿನಲ್ಲಿ ಸಲ್ಲುತ್ತಿದ್ದುವು. ಒಬ್ಬ ಪಾದ್ರಿಗೆ ವರ್ಷಕ್ಕೆ 16,000 ಪೌಂಡು ಹೊಗೆಸೊಪ್ಪು ಎಂದು ಕಾನೂನು ಗೊತ್ತುಮಾಡಿತ್ತು.

ಈ ಹೊಗೆಸೊಪ್ಪಿನ ವಿಚಾರವಾಗಿ ಒಂದು ಮೊಕದ್ದಮೆ ನಡೆಯಿತು. ಅದನ್ನು ಇಲ್ಲಿಯೇ ಹೇಳಿಬಿಡುವುದು ಅನುಕೂಲ. 1758ರಲ್ಲಿ ಬೆಳೆ ಕೆಟ್ಟು ಹೊಗೆಸೊಪ್ಪಿನ ಬೆಲೆ ವಿಪರೀತವಾಗಿ ಏರಿತು. ವರ್ಜೀನಿಯದ ಶಾಸನಸಭೆಯವರು ಆ ವರ್ಷ ಹೊಗೆಸೊಪ್ಪಿನ ಬದಲು ಪೌಂಡಿಗೆ ಎರಡು ಪೆನ್ನಿಯ ದರದಲ್ಲಿ ಹಣ ಕೊಟ್ಟರೆ ಸಾಕೆಂದು ಕಾನೂನು ಮಾಡಿದರು. ನಷ್ಟಕ್ಕೆ ಗುರಿಯಾದ ಪಾದ್ರಿಗಳು ಇಂಗ್ಲೆಂಡಿನವರೆಗೆ ದೂರು ಒಯ್ದು ಆ ಕಾನೂನನ್ನು ರದ್ದುಮಾಡಿಸಿದರು. ಬಳಿಕ ಅವರಲ್ಲೊಬ್ಬನು ಬಾಕಿ ಹಣಕ್ಕಾಗಿ ನ್ಯಾಯಸ್ಥಾನಕ್ಕೆ ಹೋದನು. 1763ರಲ್ಲಿ ಜ್ಯೂರಿಯವರು ಆತನಿಗೆ ಪರಿಹಾರವೇನೋ ಸಲ್ಲತಕ್ಕದ್ದೆಂದು ಒಪ್ಪಿ, ಒಂದು ಪೆನ್ನಿಯನ್ನು ಕೊಡಿಸಿದರು! ಪಾದ್ರಿಗೆ ವಿರೋಧವಾಗಿ ವಾದಿಸಿ ಈ ತೀರ್ಪನ್ನು ಗಳಿಸಿದ ತರುಣ ವಕೀಲನ ಹೆಸರು ಪ್ಯಾಟ್ರಿಕ್ ಹೆನ್ರಿ. ಕೇಳುಗರು ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಆತನು ಮತ್ತೊಂದು ಪಕ್ಷದಲ್ಲಿ ನಿಂತು ಕಾಣಿಸಿಕೊಳ್ಳುತ್ತಾನೆ.

ತೆರಿಗೆಯೊಂದೇ ಆಗಿದ್ದರೆ ಜನ ಗೊಣಗುತ್ತ ಸಹಿಸಿಕೊಳ್ಳುತ್ತಿದ್ದರೋ ಏನೋ. ಹದಿನೆಂಟನೆಯ ಶತಮಾನದ ನಡುವಿನಿಂದ ವರ್ಜೀನಿಯದಲ್ಲಿ ಬ್ಯಾಪ್ಟಿಸ್ಟರೆಂಬ ಪಂಥದವರು ಹೆಚ್ಚಿದರು. ಇವರ ಬೋಧಕರಲ್ಲಿ ಬಹುಮಂದಿ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದವರಲ್ಲ, ರೈತರು, ಕೈಕಸಬಿನವರು. ಹೊಲದಲ್ಲಿ, ಮರದ ಕೆಳಗೆ, ಯಾರದೋ ಮನೆಯಂಗಳದಲ್ಲಿ ಜನವನ್ನು ಕೂಡಿಸಿಕೊಂಡು ಉಪದೇಶಿಸುತ್ತಿದ್ದರು. ಸರಕಾರದಿಂದ ಅನುಜ್ಞೆ ಪಡೆಯದೆ ಉಪದೇಶ ಮಾಡಕೂಡದೆಂಬ ನಿಯಮವಿತ್ತು. ದೇವರ ಮಾತನ್ನು ಹೇಳುವುದಕ್ಕೆ ಅರಸನ ಅನುಜ್ಞೆ ಏತಕ್ಕೆ ಎಂದು ಇವರಲ್ಲಿ ಅನೇಕರು ಅದನ್ನು ಕೇಳಲೇ ಇಲ್ಲ. ಶಾಂತಿಭಂಗದ ಆರೋಪದ ಮೇಲೆ ಇವರನ್ನು ಸೆರೆಗೆ ಹಾಕತೊಡಗಿದರು. 1768ರಲ್ಲಿ ಜಾನ್ ವಾಲರ್ ಮೊದಲಾದವರನ್ನು ಹಿಡಿದು ನ್ಯಾಯಾಧಿಪತಿಗಳ ಮುಂದೆ ನಿಲ್ಲಿಸಿದಾಗ, ಒಂದು ವರ್ಷ ಒಂದು ದಿನದವರೆಗೆ ಈ ಸೀಮೆಯಲ್ಲಿ ಉಪದೇಶ ಮಾಡುವುದಿಲ್ಲವೆಂದು ಮಾತು ಕೊಟ್ಟರೆ ಬಿಟ್ಟುಬಿಡುವೆವೆಂದು ಹೇಳಿದರು. ಅವರು ಮಾತು ಕೊಡಲಿಲ್ಲ. ಫ್ರೆಡರಿಕ್ಸ್‌ಬರ್ಗಿನ ಬೀದಿಗಳಲ್ಲಿ ಕೀರ್ತನೆ ಹಾಡುತ್ತ ಸೆರೆಮನೆಗೆ ನಡೆದರು. ವಾಲರ್ 43 ದಿನ ಅಲ್ಲಿದ್ದನು. ಕಲ್ಪೆಪರ್ ಎಂಬಲ್ಲಿ ಸೆರೆಯಲ್ಲಿದ್ದ ಜೇಮ್ಸ್ ಐರ್ಲೆಂಡ್ ಎಂಬಾತನು ಕಿಟಕಿಯ ಸರಳುಗಳ ಸಂದಿನಿಂದ ಹೊರಗೆ ನೆರೆದ ಜನಕ್ಕೆ ಉಪದೇಶಿಸುತ್ತಿದ್ದನು. ಗಂಧಕವನ್ನೂ ಮೆಣಸಿನಕಾಯಿಯನ್ನೂ ಸುಟ್ಟು ಆ ಹೊಗೆಯಿಂದ ತನ್ನ ಉಸಿರು ಕಟ್ಟಿಸಲು ಯತ್ನಿಸಿದರೆಂದು ಆತನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಈ ಸೆರೆಮನೆಗಳಿಗೆ ಬಹು ದೂರವಲ್ಲದ ಊರಿನಲ್ಲಿ ಜೇಮ್ಸ್ ಮ್ಯಾಡಿಸನ್ ಎಂಬ ತರುಣನಿದ್ದನು. ಸಿರಿವಂತರ ಮಗ, ಸರಕಾರದ ಇಗರ್ಜಿಗೇ ಸೇರಿದ ಕುಟುಂಬ, ಪ್ರಿನ್ಸ್‌ಟನ್ನಿನಲ್ಲಿ ಓದಿ ಪದವಿ ಪಡೆದು ಬಂದಿದ್ದನು. ಬ್ಯಾಪ್ಟಿಸ್ಟರ ಪಂಥ ಆತನದಲ್ಲ. ಆದರೂ ನೆರೆಯ ಸೀಮೆಯಲ್ಲಿ ಐದಾರು ಮಂದಿ ತಮ್ಮ ಮತಾಭಿಪ್ರಾಯಗಳನ್ನು ಪ್ರಕಟಿಸಿದ ಕಾರಣಕ್ಕೆ ಸೆರೆಯಲ್ಲಿದ್ದಾರೆಂದು 1774ರ ಜನವರಿಯಲ್ಲಿ ಸ್ನೇಹಿತನಿಗೆ ಕಾಗದ ಬರೆಯುವಾಗ ಆತನ ಲೇಖನಿ ಕೋಪದಿಂದ ಕಂಪಿಸಿದಂತೆ ತೋರುತ್ತದೆ. ತನಗೆ ನೋವಾದಾಗ ಕೂಗುವುದು ಲೋಕದ ರೀತಿ. ಬೇರೆ ಪಂಥದವನಿಗೆ ನೋವಾದಾಗ ನಿದ್ದೆಗೆಟ್ಟವರು ಎಲ್ಲ ದೇಶಗಳಲ್ಲಿಯೂ ಕಡಮೆ. ಆ ಕಡಮೆಯವರಲ್ಲಿ ಈತನೊಬ್ಬ.

ಎರಡು ವರ್ಷಗಳ ಬಳಿಕ ವರ್ಜೀನಿಯವು ಇಂಗ್ಲೆಂಡಿನ ಅರಸನಿಂದ ಬಿಡುಗಡೆ ಹೊಂದಿ ತನ್ನ ಹಕ್ಕುಗಳ ಘೋಷಣೆಯನ್ನು ಸಿದ್ಧಪಡಿಸಿತು. ಕರಡನ್ನು ಬರೆದವನು ಜಾರ್ಜ್ ಮೇಸನ್. ಮತದ ವಿಷಯದಲ್ಲಿ ಎಲ್ಲರನ್ನೂ ಪೂರ್ಣವಾಗಿ ಸಹಿಸತಕ್ಕದ್ದೆಂದು ಆತನು ಬರೆದಿದ್ದನು. ಅಂದಿನ ಕಾಲಕ್ಕೆ ಇದು ಉದಾರವಾದ ಮಾತೇ ಸರಿ. ಇಪ್ಪತ್ತೈದು ವರ್ಷದ ಮ್ಯಾಡಿಸನ್ನನಿಗೆ ಮಾತ್ರ ಆ ‘ಸಹನೆ’ ಎಂಬ ಶಬ್ದ ಒಪ್ಪಿಗೆಯಾಗಲಿಲ್ಲ. ಆ ಶಬ್ದವನ್ನು ತೆಗೆಯಿಸಿ, ಮತವನ್ನು ಸ್ವತಂತ್ರವಾಗಿ ಆಚರಿಸುವುದಕ್ಕೆ ಎಲ್ಲರೂ ಸಮಾನವಾಗಿ ಹಕ್ಕುಳ್ಳವರು ಎಂಬ ಅರ್ಥದ ಮಾತನ್ನು ಸೇರಿಸಿದನು. 1776ರ ಜೂನ್ 12ರಂದು ಘೋಷಣೆ ಹೀಗೆಯೇ ಅಂಗೀಕೃತವಾಯಿತು.

ಒಂದು ಶಬ್ದಕ್ಕಾಗಿ ಇಷ್ಟೇಕೆ ಎಂದು ಕೇಳಬಹುದು. ನಮ್ಮ ಭಾಷೆಯಲ್ಲಿಯೇ ಯೋಚಿಸಿ ನೋಡೋಣ. ‘ಸಹಿಸು’ ಎಂಬ ಕ್ರಿಯಾಪದಕ್ಕೆ ಕರ್ತೃ ಯಾರು? ತಡೆಯಬಲ್ಲವನು, ಆದರೆ ತಡೆಯದೆ ಸುಮ್ಮನಿರುವವನು. ಇಂದು ಸಹಿಸಿದವನು ನಾಳೆ ಸಹಿಸದೆ ಹೋದರೆ ಆತನನ್ನು ಕೇಳುವವರಿಲ್ಲ. ಹಕ್ಕೆಂದರೆ ಹಾಗಲ್ಲ, ಅಲ್ಲಿ ಕರ್ತೃವು ಪೂಜಿಸುವವನೇ.

ಸಹನೆಯನ್ನು ಹೀನವೆಂದು ಹೇಳುವುದು ನಮ್ಮ ಉದ್ದೇಶವಲ್ಲ. ನಮ್ಮ ನಾಡಿನಲ್ಲಿಯೇ ಅದರ ಅತ್ಯುತ್ತಮ ನಿದರ್ಶನ ಕಲ್ಲಿನಲ್ಲಿ ನಿಂತಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ವಿಜಯನಗರದ ಬುಕ್ಕರಾಯನು ಎರಡು ಪಕ್ಷದ ಮುಖಂಡರನ್ನೂ ಕರೆಯಿಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪು ಕೊಟ್ಟನು. ಶ್ರವಣಬೆಳಗೊಳದ ಆ ಶಾಸನವನ್ನು ಓದಿದ ಕನ್ನಡಿಗನು ಹೆಮ್ಮೆಪಡದಿರಲಾರನು. ಅದೇ ಶಾಸನದಲ್ಲಿ ಇನ್ನೊಂದು ಏರ್ಪಾಡೂ ಇದೆ: ರಾಜ್ಯದ ಜೈನರು ಮನೆಮನೆಗೂ ವರ್ಷಕ್ಕೊಂದು ಹಣವನ್ನು ಕೊಡತಕ್ಕದ್ದು, ತಿರುಮಲೆಯ ತಾತಯ್ಯನು ಅದರಿಂದ ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನಿಟ್ಟು, ಮಿಕ್ಕುದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು. ಜೈನರ ಹಣ ಜೈನರ ದೇವರಿಗೆ. ಕಾಯುವ ಹೊಣೆ ವೈಷ್ಣವರಿಗೆ. ಇದಕ್ಕಿಂತ ಸೊಗಸಾದ ರಾಜಿಯನ್ನು ಆ ಶತಮಾನದ ಯೂರೋಪಿನಲ್ಲಿ ಹುಡುಕುವುದು ಕಷ್ಟ. ಆದರೆ ಅದು ಅರಸನ ಅನುಗ್ರಹದಿಂದ ಬಂದದ್ದು, ಅರಸನು ಒಳ್ಳೆಯವನಾಗಿದ್ದುದರಿಂದ ಬಂದದ್ದು. ಆ ಮನೆಯಿಂದ ಕೊಡತಕ್ಕ ಒಂದು ಹಣದ ಮಾತನ್ನೂ ಕೇಳುಗರು ಮರೆಯದಿರಲಿ.

ವರ್ಜೀನಿಯಕ್ಕೆ ಹಿಂದಿರುಗೋಣ. ಘೋಷಣೆಯಾದ ಮಾತ್ರಕ್ಕೆ ಸರಕಾರದ ಇಗರ್ಜಿ ಮಾಯವಾಗಲಿಲ್ಲ. 1776ರಲ್ಲಿ ಅನ್ಯಪಂಥದವರಿಗೆ ತೆರಿಗೆ ಮಾಫಾಯಿತು. 1779ರಲ್ಲಿ ಪಾದ್ರಿಗಳಿಗೆ ಸರಕಾರದ ಸಂಬಳ ಪೂರಾ ನಿಂತಿತು. ಅದೇ ವರ್ಷ ಥಾಮಸ್ ಜೆಫರ್ಸನ್ನನು ಬರೆದಿದ್ದ ಮತಸ್ವಾತಂತ್ರ್ಯದ ಮಸೂದೆಯೂ ಸಭೆಯ ಮುಂದೆ ಬಂದಿತು. ಆದರೆ ಯಾರೂ ಅದನ್ನು ಕೈಗೆತ್ತಿಕೊಳ್ಳದೆ ಬದಿಗಿಟ್ಟರು. ಯುದ್ಧ ನಡೆಯುತ್ತಿತ್ತು; ಗಮನ ಅತ್ತ ಇತ್ತು.

ಯುದ್ಧ ಮುಗಿದ ಮೇಲೆ, 1784ರಲ್ಲಿ, ನಮ್ಮ ಹಳೆಯ ಪರಿಚಯದ ಪ್ಯಾಟ್ರಿಕ್ ಹೆನ್ರಿಯು ಸಭೆಯ ಮುಂದೆ ಒಂದು ಸೂಚನೆಯನ್ನು ತಂದನು. ಕ್ರೈಸ್ತಮತದ ಬೋಧಕರ ಪೋಷಣೆಗಾಗಿ ಒಂದು ಸಣ್ಣ ತೆರಿಗೆ ಇರಲಿ. ಆದರೆ ಹಿಂದಿನಂತೆ ಒಂದೇ ಪಂಥಕ್ಕೆ ಹೋಗುವುದು ಬೇಡ. ತೆರಿಗೆ ಕೊಡುವ ಪ್ರತಿಯೊಬ್ಬನೂ ತನ್ನ ಹಣ ಯಾವ ಪಂಥಕ್ಕೆ ಸಲ್ಲಬೇಕೆಂದು ತಾನೇ ಹೇಳಲಿ. ಯಾವುದನ್ನೂ ಹೇಳದವನ ಹಣ ಆಯಾ ಸೀಮೆಯ ವಿದ್ಯಾಶಾಲೆಗಳಿಗೆ ಹೋಗಲಿ. ಪಾದ್ರಿಗಳೇ ಇಲ್ಲದ ಕ್ವೇಕರರಂಥ ಪಂಥಗಳಿಗೂ ಅದರಲ್ಲಿ ಪ್ರತ್ಯೇಕ ಅವಕಾಶವಿತ್ತು.

ಕೇಳುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇದರಲ್ಲಿ ತಪ್ಪೇನಿದೆ? ಯಾರನ್ನೂ ಸೆರೆಗೆ ಹಾಕುವುದಿಲ್ಲ. ಯಾರಿಗೂ ಅನ್ಯರ ಇಗರ್ಜಿಯನ್ನು ಹೊರಿಸುವುದಿಲ್ಲ. ಯುದ್ಧಾನಂತರ ಜನರ ನಡತೆ ಸಡಿಲವಾಗಿತ್ತೆಂದು ಹಲವರು ಕೊರಗುತ್ತಿದ್ದರು. ನೀತಿಯಿಲ್ಲದೆ ಪ್ರಜಾರಾಜ್ಯ ನಿಲ್ಲದು, ಮತವಿಲ್ಲದೆ ನೀತಿ ನಿಲ್ಲದು ಎಂಬುದು ಅವರ ತರ್ಕ. ರಿಚರ್ಡ್ ಹೆನ್ರಿ ಲೀಯಂಥ ಗಣ್ಯರು ಇದನ್ನು ಬೆಂಬಲಿಸಿದರು. ಜನರು ತಾವು ನಂಬುವ ಮತಕ್ಕೆ ಹಣ ಕೊಡುವಂತೆ ಮಾಡುವುದರಿಂದ ತನಗೆ ಗಾಬರಿಯೇನೂ ಇಲ್ಲವೆಂದು ಜಾರ್ಜ್ ವಾಷಿಂಗ್ಟನ್ನನೇ ಬರೆದನು. ಪ್ರೆಸ್ಬಿಟೇರಿಯನ್ ಪಾದ್ರಿಗಳಲ್ಲಿಯೂ ಕೆಲವರು ಮೊದಲಲ್ಲಿ ಒಪ್ಪುವಂತೆ ಕಂಡರು. ಹೆನ್ರಿಯ ಉದ್ದೇಶ ದುಷ್ಟವಾಗಿತ್ತೆಂದು ನಾವು ಭಾವಿಸುವುದಿಲ್ಲ. ಬುಕ್ಕರಾಯನ ಏರ್ಪಾಡಿಗೂ ಇದಕ್ಕೂ ಇರುವ ಹೋಲಿಕೆಯನ್ನು ನೋಡಿದರೆ ನಮ್ಮಲ್ಲಿ ಅನೇಕರಿಗೆ ಇದು ಹಿತವಾಗಿಯೇ ಕಾಣಬಹುದು. ಸೆರೆಮನೆಯ ಹೊಗೆಯನ್ನು ವಿರೋಧಿಸುವುದು ಸುಲಭ. ಇಂಥ ಸೌಜನ್ಯದ ಮಸೂದೆಯನ್ನು ವಿರೋಧಿಸುವುದಕ್ಕೆ ಬೇರೆಯೇ ಬಗೆಯ ಬುದ್ಧಿ ಬೇಕು.

ಮ್ಯಾಡಿಸನ್ನನಿಗೆ ಮೊದಲು ಬೇಕಾದುದು ಕಾಲಾವಕಾಶ. ಹೆನ್ರಿಯ ವಾಗ್ಮಿತೆಯ ಎದುರಿಗೆ ನಿಲ್ಲಬಲ್ಲವರು ಸಭೆಯಲ್ಲಿ ವಿರಳ. ಅದೃಷ್ಟವಶಾತ್ ಆ ನವೆಂಬರಿನಲ್ಲಿ ಸಭೆಯವರು ಹೆನ್ರಿಯನ್ನು ರಾಜ್ಯಪಾಲನನ್ನಾಗಿ ಚುನಾಯಿಸಿದರು. ಆತನು ಗೌರವದ ಪೀಠಕ್ಕೆ ಏರಿ ಸಭೆಯಿಂದ ಹೊರಗಾದನು. ಡಿಸೆಂಬರ್ 24ರಂದು ಮಸೂದೆಯನ್ನು ಮುಂದಿನ ವರ್ಷಕ್ಕೆ ಮುಂದೂಡಿ, ಅದರ ಪ್ರತಿಗಳನ್ನು ಅಚ್ಚುಹಾಕಿಸಿ, ಜನರ ಅಭಿಪ್ರಾಯ ತಿಳಿಯುವುದಕ್ಕಾಗಿ ಸೀಮೆ ಸೀಮೆಗೂ ಹಂಚಿದರು.

1785ರ ಬೇಸಗೆಯಲ್ಲಿ ಮ್ಯಾಡಿಸನ್ನನು ಸಭೆಗೆ ಒಂದು ವಿಜ್ಞಾಪನೆಯನ್ನು ಬರೆದನು. ಅದರಲ್ಲಿ ತನ್ನ ಹೆಸರನ್ನು ಹಾಕಲಿಲ್ಲ. ಅದರಲ್ಲಿ ಹದಿನೈದು ವಾದಗಳಿವೆ. ನಾವು ಒಂದೆರಡನ್ನು ಮಾತ್ರ ನಮ್ಮ ಮಾತಿನಲ್ಲಿ ಹೇಳುತ್ತೇವೆ. ಒಬ್ಬ ಪ್ರಜೆಯ ಆಸ್ತಿಯಿಂದ ಮೂರೇ ಮೂರು ಪೆನ್ನಿಯನ್ನು ಒಂದು ಮತದ ಪೋಷಣೆಗೆಂದು ಬಲಾತ್ಕಾರದಿಂದ ತೆಗೆದುಕೊಳ್ಳುವ ಅಧಿಕಾರವಿದ್ದರೆ, ಆ ಅಧಿಕಾರಕ್ಕೆ ಮಿತಿ ಎಲ್ಲಿ? ಬೇರೆ ಎಲ್ಲ ಮತಗಳನ್ನೂ ಬದಿಗಿಟ್ಟು ಕ್ರೈಸ್ತಮತವನ್ನು ಸ್ಥಾಪಿಸಬಲ್ಲವನು, ಬೇರೆ ಕ್ರೈಸ್ತಪಂಥಗಳನ್ನು ಬದಿಗಿಟ್ಟು ಒಂದೇ ಪಂಥವನ್ನೂ ಅಷ್ಟೇ ಸುಲಭವಾಗಿ ಸ್ಥಾಪಿಸಬಲ್ಲನು. ಪ್ರಶ್ನೆ ಮೂರು ಪೆನ್ನಿಯದಲ್ಲ. ಕೈ ಹಾಕುವ ಕೈಯದು. ಇನ್ನೊಂದು ವಾದ ಮತಭಕ್ತರನ್ನೇ ಕುರಿತದ್ದು. ಕ್ರೈಸ್ತಮತವು ತನ್ನ ಮೊದಲ ಶತಮಾನಗಳಲ್ಲಿ ಅರಸರ ನೆರವಿಲ್ಲದೆ, ಅರಸರ ಹಿಂಸೆಯ ನಡುವೆಯೇ, ಹಬ್ಬಿತು. ಅರಸರ ಪೋಷಣೆಗೆ ಒಳಗಾದ ಮೇಲೆ ಪಾದ್ರಿಗಳಿಗೆ ಸೊಕ್ಕೂ ಸೋಮಾರಿತನವೂ, ಜನಕ್ಕೆ ಅಜ್ಞಾನವೂ ದಾಸ್ಯವೂ ಅಂಟಿಕೊಂಡುವು. ಸರಕಾರದ ಊರುಗೋಲು ಬೇಕೆಂದರೆ ತಮ್ಮ ಮತಕ್ಕೆ ಕಾಲಿನಲ್ಲಿ ಬಲವಿಲ್ಲವೆಂದು ಭಕ್ತರೇ ಒಪ್ಪಿಕೊಂಡಂತಾಗುತ್ತದೆ.

ಈ ಎರಡನೆಯ ಮಾತನ್ನು ಹೊಲಗದ್ದೆಯ ಜನರು ಮ್ಯಾಡಿಸನ್ನನಿಂದ ಕಲಿಯಬೇಕಾಗಿರಲಿಲ್ಲ. ಇತಿಹಾಸಕಾರರು ಮೆಚ್ಚಿ ಓದುವುದು ಮ್ಯಾಡಿಸನ್ನನ ವಿಜ್ಞಾಪನೆಯನ್ನು. ಆದರೆ ಅದಕ್ಕಿಂತ ಹೆಚ್ಚು ರುಜುಗಳು ಬಿದ್ದುದು ಭಕ್ತರೇ ಬರೆದುಕೊಂಡ ಮತ್ತೊಂದು ಅರ್ಜಿಗೆ. ಸರಕಾರದ ದುಡ್ಡು ಸುವಾರ್ತೆಯ ಸ್ವಭಾವಕ್ಕೇ ವಿರೋಧವೆಂಬುದು ಆ ಅರ್ಜಿಯ ವಾದ. ಬ್ಯಾಪ್ಟಿಸ್ಟರು ತಮ್ಮ ಬೋಧಕರಿಗೂ ಪಾಲು ಸಿಗುತ್ತಿತ್ತೆಂಬುದನ್ನು ಬಲ್ಲವರಾಗಿಯೂ ಬೇಡವೆಂದರು. ಪ್ರೆಸ್ಬಿಟೇರಿಯನರು ತಮ್ಮ ಪಾದ್ರಿಗಳನ್ನು ತಿದ್ದಿ ವಿರೋಧಕ್ಕೆ ತಂದರು. ಮತವನ್ನು ರಾಜ್ಯದಿಂದ ಬೇರ್ಪಡಿಸಬೇಕೆನ್ನುವವರು ನಾಸ್ತಿಕರು, ಮತದ್ವೇಷಿಗಳು ಎಂದು ನಮ್ಮಲ್ಲಿ ಆಗಾಗ್ಗೆ ಕೇಳಿಬರುವ ಮಾತಿಗೆ ಈ ಅರ್ಜಿಗಳ ಕಟ್ಟು ತಕ್ಕ ಉತ್ತರ. ಒಟ್ಟು ಹತ್ತು ಸಾವಿರಕ್ಕೂ ಮೇಲ್ಪಟ್ಟ ರುಜುಗಳು ಮಸೂದೆಗೆ ವಿರೋಧವಾಗಿ ಬಂದುವು. ಹೆನ್ರಿಯ ಮಸೂದೆ ಮತಕ್ಕೆ ಹಾಕುವ ಹಂತಕ್ಕೇ ಬರಲಿಲ್ಲ, ಹೇಳಹೆಸರಿಲ್ಲದೆ ಹೋಯಿತು.

ಗಾಳಿ ಬೀಸಿದಾಗಲೇ ತೂರಿಕೊಳ್ಳಬೇಕೆಂದು ನಮ್ಮ ಗಾದೆ. ಮ್ಯಾಡಿಸನ್ನನು ಜೆಫರ್ಸನ್ನನ ಹಳೆಯ ಮಸೂದೆಯ ಧೂಳು ಕೊಡವಿ ಸಭೆಯ ಮುಂದಿಟ್ಟನು. ಜೆಫರ್ಸನ್ನನು ಆಗ ಪ್ಯಾರಿಸಿನಲ್ಲಿ ರಾಯಭಾರಿ. ಮಸೂದೆಯು 1786ರ ಜನವರಿ 16ರಂದು ಶಾಸನವಾಯಿತು. ಅದರ ವಿಧಾಯಕ ಭಾಗ ಬಹು ಚಿಕ್ಕದು. ಯಾವ ಪೂಜಾಸ್ಥಾನಕ್ಕೂ ಹೋಗುವಂತೆ, ಯಾವುದನ್ನೂ ಪೋಷಿಸುವಂತೆ ಯಾರನ್ನೂ ಬಲಾತ್ಕರಿಸಕೂಡದು. ಮತಾಭಿಪ್ರಾಯದ ಕಾರಣದಿಂದ ಯಾರ ದೇಹಕ್ಕೂ ಆಸ್ತಿಗೂ ತೊಂದರೆ ತಟ್ಟಕೂಡದು. ಅಭಿಪ್ರಾಯದಿಂದ ಯಾರ ಪೌರಾಧಿಕಾರಗಳೂ ಹೆಚ್ಚಲೂ ಕೂಡದು, ಕುಗ್ಗಲೂ ಕೂಡದು. ಪೀಠಿಕೆಯಲ್ಲಿ, ಮನುಷ್ಯನನ್ನು ತನ್ನ ಸ್ವಂತ ಪಂಥದ ಬೋಧಕನಿಗೇ ಹಣ ಕೊಡುವಂತೆ ಬಲವಂತಪಡಿಸುವುದೂ ತಪ್ಪೆಂದು ಹೇಳಿದೆ. ತನಗೆ ಮೆಚ್ಚಾದ ಬೋಧಕನಿಗೆ ತಾನಾಗಿ ಕೊಡುವ ಸುಖವನ್ನು ಅದು ಕಸಿದುಕೊಳ್ಳುತ್ತದೆ. ಹೆನ್ರಿಯ ಮಸೂದೆಗಿಂತ ಐದು ವರ್ಷ ಮುಂಚೆಯೇ ಅದಕ್ಕೆ ಉತ್ತರ ಹೀಗೆ ಬರೆದಿಟ್ಟಿತ್ತು!

ಚರ್ಚೆಯ ಕಾಲದಲ್ಲಿ ಪೀಠಿಕೆಯೊಳಗೆ ಯೇಸುಕ್ರಿಸ್ತನ ಹೆಸರನ್ನು ಸೇರಿಸಬೇಕೆಂದು ಕೆಲವರು ತಿದ್ದುಪಡಿ ತಂದರು. ಬಹುಮತದಿಂದ ಅದು ಬಿದ್ದುಹೋಯಿತು. ಜೆಫರ್ಸನ್ನನು 1821ರಲ್ಲಿ ಆತ್ಮಕಥೆಯನ್ನು ಬರೆಯುವಾಗ ಇದನ್ನು ಸ್ಮರಿಸಿಕೊಂಡು, ಶಾಸನದ ಆಶ್ರಯದೊಳಕ್ಕೆ ಯೆಹೂದ್ಯನೂ ಕ್ರೈಸ್ತನೂ ಮಹಮ್ಮದೀಯನೂ ಹಿಂದೂವೂ ನಾಸ್ತಿಕನೂ ಸೇರಿದರೆಂದು ಹೇಳಿದ್ದಾನೆ. ವರ್ಜೀನಿಯದಲ್ಲಿ ಆಗ ಹಿಂದೂಗಳ ಗುಡಿಯೊಂದೂ ಇರಲಿಲ್ಲ. ಎದುರಿಗಿಲ್ಲದವನಿಗೂ ಬಾಗಿಲು ತೆರೆದಿಟ್ಟ ಈ ಮಾತು ಹಿಂದೂಗಳಾದ ನಮಗೆ ವಿಶೇಷ ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಎದುರಿಗೇ ಇದ್ದವರ ಗತಿ? ವರ್ಜೀನಿಯದ ಹೊಗೆಸೊಪ್ಪಿನ ಹೊಲಗಳಲ್ಲಿ ದುಡಿಯುತ್ತಿದ್ದವರು ಆಫ್ರಿಕಾದಿಂದ ತಂದ ಗುಲಾಮರು ಮತ್ತು ಅವರ ಸಂತತಿಯವರು. ಜೆಫರ್ಸನ್ನನಿಗೂ ಮ್ಯಾಡಿಸನ್ನನಿಗೂ ಗುಲಾಮರಿದ್ದರು. 1831ರಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮ ಬೋಧಕನ ಮುಖಂಡತ್ವದಲ್ಲಿ ದಂಗೆಯೆದ್ದ ಬಳಿಕ, 1832ರಲ್ಲಿ ಅದೇ ವರ್ಜೀನಿಯದ ಶಾಸನಸಭೆಯು ಗುಲಾಮರಾಗಲಿ ಸ್ವತಂತ್ರರಾದ ಕರಿಯರಾಗಲಿ ಮತೋಪದೇಶ ಮಾಡಕೂಡದೆಂದು ಕಾನೂನು ವಿಧಿಸಿತು. ವಾಲರನನ್ನು ಸೆರೆಗೆ ಕಳುಹಿಸಿದ ಅಪರಾಧವೇ ಮತ್ತೆ ಅಪರಾಧವಾಯಿತು. ಅಪರಾಧಿಯ ಬಣ್ಣ ಮಾತ್ರ ಬದಲಾಯಿತು. ಮ್ಯಾಡಿಸನ್ನನು ಆಗ ಇನ್ನೂ ಬದುಕಿದ್ದನು. ಜೆಫರ್ಸನ್ನನ ಗೋರಿಯ ಮೇಲೆ, ಆತನ ಇಚ್ಛೆಯಂತೆ, ಮೂರು ಕಾರ್ಯಗಳನ್ನು ಕೆತ್ತಿದೆ. ಅಮೆರಿಕಾದ ಅಧ್ಯಕ್ಷನಾಗಿದ್ದನೆಂಬುದು ಅಲ್ಲಿಲ್ಲ, ಈ ಶಾಸನವನ್ನು ಬರೆದನೆಂಬುದು ಇದೆ. ಆ ಗೋರಿಯ ಮುಂದೆ ನಿಲ್ಲುವವರು ಎರಡು ಸಂಗತಿಗಳನ್ನೂ ತಿಳಿದು ನಿಲ್ಲುವುದು ಲೇಸು.

ಮುಂದಿನ ಕಥೆಯನ್ನು ಬೇಗ ಹೇಳಬಹುದು. 1791ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗಕ್ಕೆ ಸೇರಿದ ಮೊದಲನೆಯ ತಿದ್ದುಪಡಿಯಲ್ಲಿ ಇದೇ ತತ್ತ್ವ ಸೇರಿತು. ಆದರೆ ಅದು ಕೇಂದ್ರ ಸರಕಾರವನ್ನು ಮಾತ್ರ ಕಟ್ಟಿಹಾಕಿದ್ದರಿಂದ ಮಸಾಚುಸೆಟ್ಸ್ ಸಂಸ್ಥಾನವು 1833ರವರೆಗೂ ಇಗರ್ಜಿಯ ತೆರಿಗೆಯನ್ನು ಬಿಡಲಿಲ್ಲ. 1947ರಲ್ಲಿ, ಮತಸಂಸ್ಥೆಗಳ ಶಾಲೆಗೆ ಹೋಗುವ ಮಕ್ಕಳ ಬಸ್ಸಿನ ಖರ್ಚನ್ನು ಸರಕಾರದ ಬೊಕ್ಕಸದಿಂದ ಕೊಡಬಹುದೆ ಎಂಬ ಮೊಕದ್ದಮೆಯಲ್ಲಿ, ಅಮೆರಿಕಾದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರೂ ವರ್ಜೀನಿಯದ ಈ ಕಥೆಯನ್ನೇ ಆಧಾರವಾಗಿಟ್ಟುಕೊಂಡು, ಐವರು ಕೊಡಬಹುದೆಂದೂ ನಾಲ್ವರು ಕೊಡಕೂಡದೆಂದೂ ಹೇಳಿದರು.

ಭಾರತದ ಸಂವಿಧಾನವು 1950ರಲ್ಲಿ ಜಾರಿಗೆ ಬಂದಾಗ ಆ ಮೂರು ಪೆನ್ನಿಯ ಪ್ರಶ್ನೆ ಅದರ 27ನೆಯ ಅನುಚ್ಛೇದದಲ್ಲಿ ಸ್ಥಾನ ಪಡೆಯಿತು: ಒಂದು ಮತದ ಪೋಷಣೆಗೆಂದೇ ಗೊತ್ತುಮಾಡಿದ ತೆರಿಗೆಯನ್ನು ಕೊಡುವಂತೆ ಯಾರನ್ನೂ ಬಲಾತ್ಕರಿಸುವಂತಿಲ್ಲ. ಉಳಿದ ವಿಷಯಗಳಲ್ಲಿ ನಮ್ಮ ಸಂವಿಧಾನ ವರ್ಜೀನಿಯದ ಗೋಡೆಯನ್ನು ಕಟ್ಟಲಿಲ್ಲ. ಗುಡಿಯ ಬಾಗಿಲನ್ನು ಹಿಂದೂಗಳ ಎಲ್ಲ ವರ್ಗದವರಿಗೂ ತೆರೆಯಿಸುವ ಅಧಿಕಾರವನ್ನು ಅದು ರಾಜ್ಯಕ್ಕೆ ಬಿಟ್ಟಿತು. ನಮ್ಮ ಸಮಾಜದ ಸ್ಥಿತಿಯನ್ನು ಬಲ್ಲವರು ಅದನ್ನು ತಪ್ಪೆನ್ನಲಾರರು. ಮುಜರಾಯಿ ಇಲಾಖೆಯನ್ನು ಕಂಡು ಬೆಳೆದ ಮೈಸೂರಿನವರಾದ ನಮಗೆ ದೇವಸ್ಥಾನದ ಲೆಕ್ಕವನ್ನು ಸರಕಾರ ನೋಡುವುದು ಹೊಸತೂ ಅಲ್ಲ.

ಆದರೂ ಎಲ್ಲಿಯೋ ಒಂದು ಗೆರೆ ಎಳೆಯಬೇಕಾಗುತ್ತದೆ. ಅದನ್ನು ಎಳೆಯುವ ಪ್ರಸಂಗ ಮೊದಲು ಬಂದುದು ನಮ್ಮ ಉಡುಪಿಯಿಂದಲೇ. ಶಿರೂರು ಮಠದ ಸ್ವಾಮಿಗಳು ಪರ್ಯಾಯದ ಖರ್ಚಿನಿಂದ ಸಾಲಕ್ಕೆ ಸಿಕ್ಕಿದಾಗ, ಅಂದಿನ ಮದರಾಸು ಸರಕಾರದ ಧರ್ಮಾದಾಯದ ಇಲಾಖೆಯವರು ಮಠದ ಆಡಳಿತದಲ್ಲಿ ಕೈ ಹಾಕಿದರು. ವ್ಯಾಜ್ಯ ದೆಹಲಿಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1954ರಲ್ಲಿ ಏಳು ಮಂದಿ ನ್ಯಾಯಾಧೀಶರು ಕೊಟ್ಟ ತೀರ್ಪಿನಲ್ಲಿ, ಮತಸ್ವಾತಂತ್ರ್ಯವೆಂದರೆ ಮನಸ್ಸಿನ ನಂಬಿಕೆ ಮಾತ್ರವಲ್ಲ, ನೈವೇದ್ಯ ಉತ್ಸವಾದಿ ಆಚಾರಗಳೂ ಅದರೊಳಗೆ ಸೇರುತ್ತವೆಂದು ಹೇಳಿದರು. ಆಸ್ತಿಯ ಆಡಳಿತವನ್ನು ಮಾತ್ರ ಕಾನೂನು ನಿಯಂತ್ರಿಸಬಹುದೆಂದರು. ಮಠಗಳು ತಮ್ಮ ಆದಾಯದಲ್ಲಿ ನೂರಕ್ಕೆ ಐದರವರೆಗೆ ಸರಕಾರಕ್ಕೆ ಕೊಡಬೇಕೆಂದು ಮದರಾಸಿನ ಕಾನೂನಿನಲ್ಲಿ ಒಂದು ಕಲಮು ಇತ್ತು. ಇದು ಮತದ ಪೋಷಣೆಗೆ ಎತ್ತುವ ಹಣವಲ್ಲ, ಧರ್ಮಾದಾಯ ಸರಿಯಾಗಿ ನಡೆಯುವುದನ್ನು ನೋಡಿಕೊಳ್ಳುವುದಕ್ಕೆ ಎತ್ತುವುದು, ಆದಕಾರಣ 27ನೆಯ ಅನುಚ್ಛೇದಕ್ಕೆ ಭಂಗವಿಲ್ಲವೆಂದು ನ್ಯಾಯಾಧೀಶರು ಒಪ್ಪಿದರು. ಆದರೆ ಕೊಟ್ಟ ಹಣಕ್ಕೂ ಮಾಡಿದ ಸೇವೆಗೂ ಲೆಕ್ಕದ ಸಂಬಂಧವಿಲ್ಲ. ಹಣ ಸರಕಾರದ ಬೊಕ್ಕಸಕ್ಕೇ ಸೇರುತ್ತದೆ. ಆದುದರಿಂದ ಇದು ಶುಲ್ಕವಲ್ಲ, ತೆರಿಗೆ. ಅಂಥ ತೆರಿಗೆಯನ್ನು ವಿಧಿಸುವ ಅಧಿಕಾರ ಮದರಾಸಿನ ಶಾಸನಸಭೆಗೆ ಇಲ್ಲವೆಂದು ಹೇಳಿ ಆ ಕಲಮನ್ನು ತಳ್ಳಿಹಾಕಿದರು.